ಭಾವನವರಿಗೆ ಒಂದು ಮದ್ದು, ಮಗುವಿಗೆ ಇನ್ನೊಂದು

ಎಲ್ಲರಿಗೂ ನಮಸ್ಕಾರ. ಕನ್ನಡಕವನ್ನು ಎಲ್ಲಿಟ್ಟೆನೋ ಸಿಗುತ್ತಿಲ್ಲ, ಆದ್ದರಿಂದ ಬರೆಯುವ ಬದಲು ಮಾತನಾಡಿಯೇ ಕಳಿಸುತ್ತಿದ್ದೇನೆ. ನಿನ್ನೆ ರಾತ್ರಿ ಎಂಟರಿಂದ ಭಾವನವರಿಗೆ ಬಿಕ್ಕಳಿಕೆ ಬಿಟ್ಟು ಬಿಟ್ಟು ಬರುತ್ತಿದೆ ಎಂದು ಅಕ್ಕ ಬೆಳಿಗ್ಗೆ ತಿಳಿಸಿದಳು. ಅದರ ಬೆನ್ನಿಗೇ ಸುಮಾ, ತನ್ನ ನಾಲ್ಕು ತಿಂಗಳ ಮಗುವಿಗೂ ಹಾಲು ಕುಡಿದಾಗಲೆಲ್ಲ ಬಿಕ್ಕಳಿಕೆ ಬರುತ್ತದೆ, ಏನು ಮಾಡಲಿ ಎಂದು ಕೇಳಿದಳು. ಸಂಜೆಯೊಳಗೆ ಗುಂಪಿನಲ್ಲಿ ಮನೆಮದ್ದುಗಳ ಮಳೆಯೇ ಸುರಿದಿದೆ. ಆದರೆ ಸಕ್ಕರೆ ಕಾಯಿಲೆಯ ಭಾವನವರಿಗೆ ಸಕ್ಕರೆಯನ್ನೂ ಹಸುಗೂಸಿಗೆ ಜೇನುತುಪ್ಪವನ್ನೂ ಹೇಳಿರುವುದನ್ನು ಕಂಡು ನನಗೆ ಸುಮ್ಮನಿರಲು ಆಗಲಿಲ್ಲ.

ಸುಮಾ, ಮೊದಲು ನಿನಗೆ ಹೇಳುತ್ತೇನೆ. ಒಂದು ವರ್ಷ ತುಂಬುವವರೆಗೆ ಜೇನುತುಪ್ಪವನ್ನು ಮಗುವಿನ ನಾಲಿಗೆಗೆ ಸವರಲೂ ಬೇಡ. ಅದರಲ್ಲಿ ಬೊಟುಲಿಸಂ ಎಂಬ ಕಾಯಿಲೆ ತರುವ ಸೂಕ್ಷ್ಮಾಣುವಿನ ಬೀಜಕಗಳು ಇರಬಹುದು, ಎಳೆಯ ಕರುಳಿಗೆ ಅದನ್ನು ತಡೆಯುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಆರು ತಿಂಗಳಾಗುವವರೆಗೆ ಚಮಚದಲ್ಲಿ ನೀರು ಕುಡಿಸುವುದೂ ಬೇಡ. ಹಾಲು ಕುಡಿಸುವಾಗ ನಡುವೆ ಒಮ್ಮೆ ನಿಲ್ಲಿಸಿ, ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟಿ ತೇಗು ತೆಗೆಸಿದರೆ ಸಾಕು. ಆಗಲೂ ನಿಲ್ಲದಿದ್ದರೆ ಬಿಡು, ತಾನಾಗಿಯೇ ನಿಲ್ಲುತ್ತದೆ. ಹೊಟ್ಟೆಯೊಳಗಿದ್ದಾಗಲೇ ಮಕ್ಕಳು ಬಿಕ್ಕಳಿಸುತ್ತವೆ, ಏಳನೇ ತಿಂಗಳಲ್ಲಿ ಒಳಗೆ ತಾಳ ಹಾಕಿದ ಹಾಗೆ ಆಗುತ್ತದೆ ಎಂದು ನೀನೇ ಹೇಳಿದ್ದೆಯಲ್ಲ! ಹಣೆಗೆ ಒದ್ದೆ ದಾರ ಅಂಟಿಸಲು ನಿನ್ನ ಅತ್ತೆಯವರು ಹೇಳಿದರೆ ಜಗಳವಾಡಬೇಡ, ಆದರೆ ಮಗು ಮಲಗುವ ಮೊದಲು ಅದನ್ನು ತೆಗೆದುಬಿಡು, ಜಾರಿ ಬಾಯಿಗೆ ಹೋದೀತು.

ಇನ್ನು ಭಾವನವರ ವಿಷಯ. ವಿ.ವಿ.ಪುರದ ತಿಂಡಿ ಬೀದಿಯಲ್ಲಿ ಕಾವಲಿಯಿಂದ ಆಗಷ್ಟೇ ಇಳಿದ ಅವರೆಬೇಳೆ ದೋಸೆಯನ್ನು ಅವಸರದಲ್ಲಿ ತಿಂದು, ಅದರ ಮೇಲೆಯೇ ತಣ್ಣನೆಯ ಗೋಲಿ ಸೋಡಾ ಕುಡಿದರಂತೆ. ಖಾರ, ಬಿಸಿ, ಅವಸರ, ಗ್ಯಾಸು ಎಲ್ಲವೂ ಒಟ್ಟಿಗೆ ಸೇರಿದ ಮೇಲೆ ಬಿಕ್ಕಳಿಕೆ ಬಾರದೆ ಇನ್ನೇನು ಬಂದೀತು? ಎದೆಗೂ ಹೊಟ್ಟೆಗೂ ನಡುವೆ ವಪೆ ಎಂಬ ಸ್ನಾಯುವಿನ ಪರದೆ ಇದೆ. ಹೊಟ್ಟೆ ಉಬ್ಬಿ ಅದನ್ನು ಕೆಣಕಿದಾಗ ಅದು ತಟಕ್ಕನೆ ಕೆಳಗೆ ಸೆಳೆದುಕೊಳ್ಳುತ್ತದೆ, ಗಾಳಿ ಒಳಗೆ ನುಗ್ಗುತ್ತದೆ, ಸುಮಾರು 35 ಮಿಲಿಸೆಕೆಂಡಿನಲ್ಲಿ ಗಂಟಲಿನ ಧ್ವನಿತಂತುಗಳು ಮುಚ್ಚಿಕೊಳ್ಳುತ್ತವೆ. ನಮಗೆ ಕೇಳುವ 'ಇಕ್' ಎಂಬ ಸದ್ದು ಆ ಬಾಗಿಲು ಬಡಿದದ್ದು. ಮನೆಮದ್ದುಗಳೆಲ್ಲ ಮಾಡುವುದು ಇಷ್ಟೇ: ಉಸಿರನ್ನು ತಡೆದೋ ಗಂಟಲಿಗೆ ಬೇರೆ ಕೆಲಸ ಕೊಟ್ಟೋ ಈ ಲಯವನ್ನು ಕೆಡಿಸುವುದು.

ರಾಘು ಹೇಳಿದ ಸಕ್ಕರೆಯ ಮದ್ದು ಸುಳ್ಳಲ್ಲ. ಒಂದು ಚಮಚ ಒಣ ಸಕ್ಕರೆಯನ್ನು ನೀರಿಲ್ಲದೆ ನುಂಗಿಸಿದಾಗ ಇಪ್ಪತ್ತು ಜನರಲ್ಲಿ ಹತ್ತೊಂಬತ್ತು ಜನರಿಗೆ ಬಿಕ್ಕಳಿಕೆ ನಿಂತಿತೆಂದು 1971ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ವೈದ್ಯರು ಬರೆದಿದ್ದಾರೆ. ಇಪ್ಪತ್ತು ಜನ ದೊಡ್ಡ ಲೆಕ್ಕವಲ್ಲ, ಆದರೂ ನನಗೇನಾದರೂ ಬಂದರೆ ನಾನು ಮೊದಲು ಕೈಹಾಕುವುದು ಸಕ್ಕರೆ ಡಬ್ಬಿಗೇ. ಭಾವನವರಿಗೆ ಮಾತ್ರ ಅದು ಬೇಡ. ನಮ್ಮಮ್ಮ ಹೇಳಿಕೊಟ್ಟದ್ದನ್ನೇ ಅವರು ಮಾಡಲಿ: ನೆಟ್ಟಗೆ ಕುಳಿತು, ದೀರ್ಘವಾಗಿ ಉಸಿರೆಳೆದುಕೊಂಡು, ಉಸಿರು ಬಿಡದೆ ಏಳು ಸಣ್ಣ ಗುಟುಕು ತಣ್ಣೀರು ಕುಡಿಯುವುದು. ಲೋಟವನ್ನು ತುಟಿಗೆ ಕಚ್ಚಿಯೇ ಕುಡಿಯಬೇಕು. ಮಡಿಯೆಂದು ಎತ್ತಿ ಸುರಿದುಕೊಳ್ಳುವಾಗ ಬಿಕ್ಕಳಿಕೆ ಬಂದರೆ ನೀರು ನೆತ್ತಿಗೇರುತ್ತದೆ. ನೀರು ಬೇಡವೆಂದರೆ ಬರಿದೇ ಹತ್ತೆಣಿಸುವಷ್ಟು ಹೊತ್ತು ಉಸಿರು ಹಿಡಿಯಲಿ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಸ್ವಲ್ಪ ಏರಿದರೆ ಬಿಕ್ಕಳಿಕೆ ತಗ್ಗುತ್ತದೆ.

ಹಿಂದಿನಿಂದ ಹೋಗಿ ಹೆದರಿಸಿ ಎಂದವರಿಗೆ ಒಂದು ಮಾತು. 'ಏನನ್ನು ಕದ್ದು ತಿಂದೆ?' ಎಂದು ನಮ್ಮಜ್ಜಿ ಗದರಿಸಿ ಬಿಕ್ಕಳಿಕೆ ನಿಲ್ಲಿಸುತ್ತಿದ್ದ ವಿದ್ಯೆ ಚಿಕ್ಕದಲ್ಲ. ಚರಕ ಸಂಹಿತೆಯಲ್ಲಿ ಬಿಕ್ಕಳಿಕೆಗೆ ಹೇಳಿರುವ ಉಪಾಯಗಳಲ್ಲಿ ಹಠಾತ್ತನೆ ತಣ್ಣೀರು ಎರಚುವುದು, ಹೆದರಿಸುವುದು, ಅಚ್ಚರಿಗೊಳಿಸುವುದು ಇವೆ. ಆದರೆ ಎದೆಯಲ್ಲಿ ಸ್ಟೆಂಟ್ ಇರುವ ಭಾವನವರ ಮೇಲೆ ದಯವಿಟ್ಟು ಯಾರೂ ಆ ಪ್ರಯೋಗ ಮಾಡಬೇಡಿ. ಕಣ್ಣುಗುಡ್ಡೆ ಒತ್ತುವುದೂ ಬೇಡ.

ಅಕ್ಕಾ, ಬಿಕ್ಕಳಿಕೆ 48 ಗಂಟೆ ಮೀರಿದರೆ ಯಾರೇ ಆದರೂ ವೈದ್ಯರನ್ನು ಕಾಣಬೇಕು. ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಎರಡೂ ಇರುವ ಭಾವನವರಿಗೆ ಅಷ್ಟು ಕಾಯುವುದು ಬೇಡವೆಂದು ನನ್ನ ಅಭಿಪ್ರಾಯ. ಎದೆನೋವು, ಮಾತು ತೊದಲುವುದು, ನುಂಗಲು ಕಷ್ಟ, ಕೈಕಾಲಿನಲ್ಲಿ ಬಲ ಕುಂದುವುದು, ಇವುಗಳಲ್ಲಿ ಯಾವುದು ಕಂಡರೂ ಈ ರಾತ್ರಿಯೇ ಆಸ್ಪತ್ರೆಗೆ ಹೊರಡಿ. ಅವರು ನುಂಗುವ ಮಾತ್ರೆಗಳ ಚೀಟಿಯನ್ನು ಮರೆಯದೆ ತೆಗೆದುಕೊಳ್ಳಿ. ಸ್ಟೀರಾಯ್ಡ್‌ನಂತಹ ಕೆಲವು ಔಷಧಗಳಿಂದಲೂ ಬಿಕ್ಕಳಿಕೆ ಬರುತ್ತದೆ. ಹಾಗೇನೂ ಇಲ್ಲದಿದ್ದರೆ ರಾತ್ರಿ ಗಂಜಿಯಷ್ಟೇ ಕೊಡು. ಬೆಳಿಗ್ಗೆ ಎದ್ದಾಗಲೂ ನಿಂತಿರದಿದ್ದರೆ ನನಗೆ ಫೋನ್ ಮಾಡು, ಮಲ್ಲೇಶ್ವರದಿಂದ ಆಟೋ ಹಿಡಿದು ಬರುತ್ತೇನೆ, ಒಟ್ಟಿಗೆ ಕರೆದುಕೊಂಡು ಹೋಗೋಣ.