ಪರ್ವ ಓದೋಕೆ ಮುಂಚೆ ಮೂಲ ಮಹಾಭಾರತ ಓದ್ಲೇಬೇಕಾ? ಓದಿದವರು ಹೇಳಿ

ನನಗೆ ಗೊತ್ತಿರೋ ಮಹಾಭಾರತ ಅಜ್ಜಿ ಹೇಳಿದ್ದು, ಟಿವಿಲಿ ನೋಡಿದ್ದು ಅಷ್ಟೇ. ಅದನ್ನೇ ಕಾದಂಬರಿ ಮಾಡಿರೋ ಭೈರಪ್ಪನವರ ಪರ್ವ ಸಿಕ್ಕಿದೆ. ರಜೆ ಹದಿನೈದು ದಿನ. ನೇರ ಶುರು ಮಾಡ್ಲಾ?

ಮೂರನೇ ಯತ್ನ: ಎರಡು ಸಲ ಶಲ್ಯನ ಹತ್ರವೇ ಮುಗ್ಗರಿಸಿದೆ. ಮೊಮ್ಮಗಳ ಮದುವೆ, ಕನ್ಯಾಶುಲ್ಕ, ಮುದುಕನ ಗೊಣಗಾಟ. ಯುದ್ಧ ಎಲ್ಲಪ್ಪಾ ಅನ್ನಿಸ್ತು. ಕಾಲಿಗೆ ಪ್ಲಾಸ್ಟರ್ ಬಿದ್ದಾಗ 19 ದಿನದಲ್ಲಿ ಮುಗಿಸಿದೆ. ಹನ್ನೊಂದನೇ ದಿನ ಪುಸ್ತಕದ ಬೆನ್ನು ಬಿಟ್ಕೊಂಡು ಹಾಳೆ ಉದುರಿದ್ವು. ಫೆವಿಕಾಲ್ ಹಚ್ಚಿ ಮೇಲೆ ಗುಂಡುಕಲ್ಲು ಹೇರಿದೆ. ಒಂದು ಹಾಳೆ ತಲೆಕೆಳಗಾಗಿ ಅಂಟಿದೆ, ಈಗಲೂ ಹಾಗೇ ಇದೆ.

ಹಳೇ ಮೇಷ್ಟ್ರು: ಮೊದಲು ಎ.ಆರ್. ಕೃಷ್ಣಶಾಸ್ತ್ರಿಗಳು ಗದ್ಯದಲ್ಲಿ ಬರೆದ ವಚನ ಭಾರತ ಓದಿ. ನಮ್ಮಪ್ಪ ಗಮಕಿಗಳು, ಕಾವ್ಯ ರಾಗವಾಗಿ ಓದೋರು. ಪರ್ವದ ಸಭೆಯ ಭಾಗ ಅವರಿಗೆ ನಾನೇ ಓದಿದೆ. 'ಅಕ್ಷಯ ವಸ್ತ್ರ ಎಲ್ಲೋ?' ಅಂದ್ರು. ಇದರಲ್ಲಿ ಪವಾಡ ಇಲ್ಲ ಅಂದೆ. ನಾಲ್ಕು ದಿನ ಮಾತಾಡ್ಲಿಲ್ಲ.

ಮೂರನೇ ಯತ್ನ: ಪವಾಡ ಬೇಕಿದ್ರೆ ಧಾರಾವಾಹಿ ಇದೆಯಲ್ಲ ಸಾರ್.

ಹಳೇ ಮೇಷ್ಟ್ರು: ಕುಮಾರವ್ಯಾಸನ ಒಂದು ಷಟ್ಪದಿ ಬಾಯಿಗೆ ಬರುತ್ತೇನ್ರೀ ನಿಮಗೆ?

ಮೂರನೇ ಯತ್ನ: ಮಹಾಭಾರತದ ಹದಿನೆಂಟು ಪರ್ವದಲ್ಲಿ ಅವನೂ ಹತ್ತಕ್ಕೇ ನಿಲ್ಲಿಸಿದ. ಅವನಿಗಿರೋ ಸ್ವಾತಂತ್ರ್ಯ 1979ರಲ್ಲಿ ಬರೆದವರಿಗಿಲ್ವಾ?

ಎರಡು ಮಕ್ಕಳ ತಾಯಿ: ನಿಮ್ಮಿಬ್ಬರ ಜಗಳದಲ್ಲಿ ಹೆಂಗಸರ ಕತೆ ಎಲ್ಲಿ ಹೋಯ್ತು? ನಾನು ಓದಿದ್ದು ಬಾಣಂತನದಲ್ಲಿ. 'ಬಾಣಂತಿ ಓದಿದ್ರೆ ಕಣ್ಣು ಹೋಗುತ್ತೆ' ಅಂತ ಅತ್ತೆ ಪುಸ್ತಕಾನ ಅಕ್ಕಿ ಡಬ್ಬದಲ್ಲಿ ಬಚ್ಚಿಟ್ರು. ಸಿಕ್ಕಾಗ ಕುಂತಿಯ ಭಾಗದ ತುಂಬಾ ಹಿಟ್ಟು. ನಿಯೋಗ (ಗಂಡನಿಂದ ಮಕ್ಕಳಾಗದಾಗ ಬೇರೆ ಗಂಡಸಿಂದ ಮಗು ಪಡೆಯೋದು) ಅಂದ್ರೆ ದೇವರ ವರ ಅಂತ ನಂಬಿದ್ದೋಳು ನಾನು. ಬೆಳಗಿನ ಜಾವ ಮಗೂಗೆ ಹಾಲು ಕುಡಿಸ್ತಾ ಅದನ್ನ ಓದಿ ಅತ್ತಿದ್ದೀನಿ. ಭೀಮ ಸಾಲಕಟಂಕಟಿಯನ್ನ ಬಿಟ್ಟು ಬಂದಿದ್ದಕ್ಕೆ ಅವನ ಮೇಲೆ ಇನ್ನೂ ಸಿಟ್ಟಿದೆ.

ಹಳೇ ಮೇಷ್ಟ್ರು: ತಾಯಿ, ಮೂಲದಲ್ಲಿ ಅವಳ ಹೆಸರು ಹಿಡಿಂಬೆ.

ಎರಡು ಮಕ್ಕಳ ತಾಯಿ: ಗೊತ್ತು ಮೇಷ್ಟ್ರೇ. ಹೆಸರು ತಿದ್ದೋಕೆ ಮಾತ್ರ ಬಂದ್ರಾ?

ಬೈಂಡಿಂಗ್ ಕೆಲಸದವ: ಪುಸ್ತಕಕ್ಕೆ ಫೆವಿಕಾಲ್ ಸುರೀಬೇಡಿ ಸ್ವಾಮಿ, ಒಣಗಿದ ಮೇಲೆ ಬೆನ್ನು ಕಟ್ಟಿಗೆ ಆಗುತ್ತೆ. ಮೈದಾ ಗೋಂದು ಕಾಯಿಸಿ, ಚಿಟಿಕೆ ಮೈಲುತುತ್ತ ಹಾಕಿ, ಹುಳ ಬರಲ್ಲ. ದಪ್ಪ ಪುಸ್ತಕ ಅಂದ್ರೆ ದಾರದಲ್ಲಿ ಹೊಲೀಲೇಬೇಕು.

ಮೂರನೇ ಯತ್ನ: ಕಾಲು ಪ್ಲಾಸ್ಟರ್‌ನಲ್ಲಿದ್ದೋನು ಮೈದಾ ಎಲ್ಲಿ ಕಾಯಿಸ್ಲಿ?

ಎರಡು ಮಕ್ಕಳ ತಾಯಿ: ಮೈಲುತುತ್ತ ವಿಷ. ಮಕ್ಕಳಿರೋ ಮನೆಗೆ ಇಂಥ ಸಲಹೆ ಕೊಡ್ತಾರೇನ್ರೀ?