ಸ್ಕ್ರಿಪ್ಟ್‌ಗಳಲ್ಲಿ ಪಾಸ್‌ವರ್ಡ್, ಕೀಗಳು ಬಯಲಾಗದಂತೆ ಸ್ಟ್ಯಾಟಿಕ್ ಅನಾಲಿಸಿಸ್ ಎಷ್ಟರಮಟ್ಟಿಗೆ ಕಾಯಬಲ್ಲದು?

ಪ್ರಶ್ನೆ: ನಮಸ್ಕಾರ ಮೇಡಂ. ಸರ್ವರ್ ನಿರ್ವಹಣೆಗೆಂದು ನಮ್ಮ ತಂಡದವರು ಬರೆದ ಪವರ್‌ಶೆಲ್, ಬ್ಯಾಷ್ ಮತ್ತು ಪೈಥಾನ್ ಸ್ಕ್ರಿಪ್ಟ್‌ಗಳೆಲ್ಲ ಒಂದೇ ಗಿಟ್ ರೆಪಾಸಿಟರಿಯಲ್ಲಿವೆ. ಅವುಗಳಲ್ಲಿ ಎಲ್ಲೆಲ್ಲಿ ಡೇಟಾಬೇಸ್ ಪಾಸ್‌ವರ್ಡ್, ಎಪಿಐ ಕೀ (ಬೇರೆ ಸೇವೆಯನ್ನು ಬಳಸಲು ಬೇಕಾದ ಗುಪ್ತ ಸಂಕೇತ) ನೇರವಾಗಿ ಸೇರಿಕೊಂಡಿವೆ ಎಂಬುದನ್ನು ಕಣ್ಣಾರೆ ಓದಿ ಪತ್ತೆ ಮಾಡುವುದು ಆಗದ ಮಾತು. ಕೋಡನ್ನು ರನ್ ಮಾಡದೆಯೇ ಪರಿಶೀಲಿಸುವ ಸ್ಟ್ಯಾಟಿಕ್ ಅನಾಲಿಸಿಸ್ ಟೂಲ್‌ಗಳನ್ನು ಈ ಕೆಲಸಕ್ಕೆ ನಂಬಬಹುದೇ? ಯಾವುದರಿಂದ ಆರಂಭಿಸಬೇಕು?

ಉತ್ತರ: ನಮಸ್ಕಾರ. ನಂಬಬಹುದು, ಆದರೆ ಯಾವ ಟೂಲ್ ಏನನ್ನು ನೋಡುತ್ತದೆ, ಏನನ್ನು ನೋಡಲಾರದು ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು.

ಇವುಗಳಲ್ಲಿ ಎರಡು ಬಗೆ. ಮೊದಲನೆಯವು ಆಯಾ ಭಾಷೆಯ ವ್ಯಾಕರಣ ಬಲ್ಲವು. ಪವರ್‌ಶೆಲ್‌ಗೆ ಪಿಎಸ್‌ಸ್ಕ್ರಿಪ್ಟ್‌ಅನಲೈಸರ್, ಪೈಥಾನ್‌ಗೆ ಬ್ಯಾಂಡಿಟ್ ಈ ಬಗೆಯವು. ‘ಪಾಸ್‌ವರ್ಡ್’ ಎಂಬ ಹೆಸರಿನ ಪ್ಯಾರಾಮೀಟರ್ ಸಾಮಾನ್ಯ ಸ್ಟ್ರಿಂಗ್ ಆಗಿದ್ದರೆ ಪಿಎಸ್‌ಸ್ಕ್ರಿಪ್ಟ್‌ಅನಲೈಸರ್ ಎಚ್ಚರಿಸುತ್ತದೆ. ಪಠ್ಯವನ್ನು ಸೆಕ್ಯೂರ್‌ಸ್ಟ್ರಿಂಗ್ ಎಂಬ ರಕ್ಷಿತ ರೂಪಕ್ಕೆ ತರುವ ‘ಕನ್ವರ್ಟ್‌ಟು-ಸೆಕ್ಯೂರ್‌ಸ್ಟ್ರಿಂಗ್’ ಆಜ್ಞೆಗೆ ಬಯಲು ಪಠ್ಯವನ್ನೇ ಕೊಟ್ಟಿದ್ದರೆ ಅದನ್ನು ಎಚ್ಚರಿಕೆಯ ಮಟ್ಟದಲ್ಲಿ ಬಿಡದೆ ದೋಷವೆಂದೇ ತೋರಿಸುತ್ತದೆ. ಬ್ಯಾಂಡಿಟ್‌ನ ಬಿ105, ಬಿ106 ಮತ್ತು ಬಿ107 ನಿಯಮಗಳು ಕ್ರಮವಾಗಿ ವೇರಿಯಬಲ್‌ಗೆ, ಫಂಕ್ಷನ್ ಕರೆಯ ಆರ್ಗ್ಯುಮೆಂಟ್‌ಗೆ ಮತ್ತು ಫಂಕ್ಷನ್‌ನ ಡೀಫಾಲ್ಟ್ ಮೌಲ್ಯಕ್ಕೆ ಕೊಟ್ಟ ಪಾಸ್‌ವರ್ಡನ್ನು ಹುಡುಕುತ್ತವೆ. ಇವು ಬಹುಮಟ್ಟಿಗೆ ಹೆಸರನ್ನು ನೆಚ್ಚಿಕೊಂಡಿವೆ: ಅದೇ ಪಾಸ್‌ವರ್ಡನ್ನು ‘ಎಕ್ಸ್’ ಎಂಬ ವೇರಿಯಬಲ್‌ಗೆ ಕೊಟ್ಟರೆ ಬ್ಯಾಂಡಿಟ್ ಸುಮ್ಮನಿರುತ್ತದೆ.

ಎರಡನೆಯವು ಯಾವ ಭಾಷೆಯ ಕಡತವನ್ನೂ ಬರಿಯ ಪಠ್ಯವಾಗಿ ಓದುತ್ತವೆ. ಗಿಟ್‌ಲೀಕ್ಸ್, ಟ್ರಫಲ್‌ಹಾಗ್, ಡಿಟೆಕ್ಟ್-ಸೀಕ್ರೆಟ್ಸ್ ಈ ಗುಂಪಿಗೆ ಸೇರಿವೆ. ಅಮೆಜಾನ್‌ನ ಕ್ಲೌಡ್ ಸೇವೆಯಾದ ಎಡಬ್ಲ್ಯುಎಸ್‌ನ ದೀರ್ಘಾವಧಿ ಆಕ್ಸೆಸ್ ಕೀ ಐಡಿ ‘ಎಕೆಐಎ’ ಅಕ್ಷರಗಳಿಂದ ಆರಂಭವಾಗುವುದರಿಂದ ಅದನ್ನು ಗುರುತಿಸುವುದು ಸುಲಭ. ಗಿಟ್ ರೆಪಾಸಿಟರಿಗಳನ್ನು ಇಡುವ ತಾಣವಾದ ಗಿಟ್‌ಹಬ್ 2021ರಲ್ಲಿ ತನ್ನ ಟೋಕನ್‌ಗಳ (ಪಾಸ್‌ವರ್ಡ್ ಬದಲು ಬಳಸುವ ಕೀಗಳ) ರಚನೆಯನ್ನೇ ಬದಲಿಸಿ, ಮೊದಲಿಗೆ ‘ಜಿಎಚ್‌ಪಿ’ಯಂತಹ ಗುರುತನ್ನೂ ಕೊನೆಗೆ ಚೆಕ್‌ಸಮ್ಮನ್ನೂ (ಟೋಕನ್ ಸರಿಯಾಗಿದೆಯೇ ಎಂದು ತಾಳೆ ನೋಡುವ ಅಕ್ಷರಗಳನ್ನೂ) ಸೇರಿಸಿದ್ದಕ್ಕೆ, ಇಂತಹ ಟೂಲ್‌ಗಳು ಅವನ್ನು ತಪ್ಪಿಲ್ಲದೆ ಹಿಡಿಯಲಿ ಎಂಬುದೂ ಒಂದು ಕಾರಣ. ಇಂತಹ ಗುರುತಿಲ್ಲದ ಕೀಗಳಿಗೆ ಎಂಟ್ರೊಪಿಯ ಲೆಕ್ಕವಿದೆ. ಅಕ್ಷರಗಳು ಎಷ್ಟು ಚದುರಿಹೋಗಿವೆ ಎಂಬುದನ್ನು ಅಳೆದು, ಡಿಟೆಕ್ಟ್-ಸೀಕ್ರೆಟ್ಸ್ ಮೂಲ ಸಂರಚನೆಯಲ್ಲಿ ಬೇಸ್64 (64 ಚಿಹ್ನೆಗಳಲ್ಲಿ ಬರೆದ) ಸ್ಟ್ರಿಂಗ್‌ಗಳಿಗೆ 4.5ರ, ಹೆಕ್ಸ್ (16 ಚಿಹ್ನೆಗಳಲ್ಲಿ ಬರೆದ) ಸ್ಟ್ರಿಂಗ್‌ಗಳಿಗೆ 3.0ರ ಮಿತಿ ಇಟ್ಟುಕೊಂಡಿದೆ. ಯಂತ್ರ ಸೃಷ್ಟಿಸಿದ ಕೀ ಈ ಬಲೆಗೆ ಬೀಳುತ್ತದೆ. ಮನುಷ್ಯರು ನೆನಪಿಗೆಂದು ಆರಿಸಿಕೊಂಡ ಚಿಕ್ಕ ಪಾಸ್‌ವರ್ಡ್ ನುಸುಳಿಹೋಗುತ್ತದೆ. ಆದ್ದರಿಂದ ಎರಡೂ ಬಗೆಯ ಟೂಲ್‌ಗಳು ಬೇಕು.

ಬ್ಯಾಷ್ ಬಗ್ಗೆ ಒಂದು ಮಾತು. ಅನೇಕರು ಶೆಲ್‌ಚೆಕ್ ಇದ್ದರೆ ಸಾಕೆಂದು ಭಾವಿಸಿರುತ್ತಾರೆ. ಅದು ಬಹಳ ಒಳ್ಳೆಯ ಟೂಲ್, ಆದರೆ ಅದರ ಕೆಲಸ ಶೆಲ್ ಬರವಣಿಗೆಯ ದೋಷಗಳನ್ನು ಹಿಡಿಯುವುದೇ ಹೊರತು ಸ್ಕ್ರಿಪ್ಟ್‌ನಲ್ಲಿ ಅಡಗಿದ ಕೀಗಳನ್ನು ಹುಡುಕುವುದಲ್ಲ. ಬ್ಯಾಷ್‌ಗೆ ಎರಡನೆಯ ಬಗೆಯ ಟೂಲೇ ಆಧಾರ. ನಿಮ್ಮ ಸ್ಥಿತಿಯಲ್ಲಿ ನಾನಾದರೆ, ಮೊದಲು ಗಿಟ್‌ಲೀಕ್ಸನ್ನು ರೆಪಾಸಿಟರಿಯ ಈಗಿನ ಕಡತಗಳ ಮೇಲಷ್ಟೇ ಅಲ್ಲದೆ ಇಡೀ ಕಮಿಟ್ ಇತಿಹಾಸದ (ಈವರೆಗೆ ಗಿಟ್‌ನಲ್ಲಿ ದಾಖಲಾದ ಬದಲಾವಣೆಗಳೆಲ್ಲದರ) ಮೇಲೆ ಓಡಿಸುತ್ತೇನೆ.

ಮರುಪ್ರಶ್ನೆ: ಪ್ರಯೋಗಕ್ಕೆ ಓಡಿಸಿ ನೋಡಿದಾಗ ಬಂದ ಪಟ್ಟಿ ಬಹಳ ಉದ್ದವಾಗಿದೆ. ಮಾದರಿ ಮೌಲ್ಯಗಳು, ಕಡತಗಳ ಹ್ಯಾಶ್‌ಗಳು (ಅವುಗಳ ವಿಷಯದಿಂದ ಲೆಕ್ಕಹಾಕಿದ, ಹಿಂದಕ್ಕೆ ತಿರುಗಿಸಲಾಗದ ಸಂಕೇತಗಳು) ಎಲ್ಲವೂ ಅದರಲ್ಲಿವೆ. ತಂಡದವರು ಇದನ್ನು ಕಡೆಗಣಿಸಿಬಿಡುತ್ತಾರೆಂಬ ಭಯವಿದೆ.

ಉತ್ತರ: ನಿಮ್ಮ ಭಯ ಸಕಾರಣವಾದದ್ದು. ಸುಳ್ಳು ಎಚ್ಚರಿಕೆಗಳ ನಡುವೆ ನಿಜವಾದ ಒಂದು ಕೀ ಮುಚ್ಚಿಹೋಗುವುದು ಟೂಲ್ ಇಲ್ಲದಿರುವುದಕ್ಕಿಂತ ಅಪಾಯಕಾರಿ, ಏಕೆಂದರೆ ಎಲ್ಲರೂ ಕಾವಲಿದೆ ಎಂದುಕೊಂಡಿರುತ್ತಾರೆ.

ಡಿಟೆಕ್ಟ್-ಸೀಕ್ರೆಟ್ಸ್‌ನಲ್ಲಿ ಬೇಸ್‌ಲೈನ್ ಎಂಬ ವ್ಯವಸ್ಥೆಯಿದೆ. ಈಗಾಗಲೇ ಸಿಕ್ಕಿರುವುದನ್ನೆಲ್ಲ ಅದು ಒಂದು ಕಡತದಲ್ಲಿ ದಾಖಲಿಸಿಕೊಂಡು, ಮುಂದೆ ಹೊಸದಾಗಿ ಬಂದವುಗಳ ಬಗ್ಗೆ ಮಾತ್ರ ಎಚ್ಚರಿಸುತ್ತದೆ; ಆ ಕಡತದಲ್ಲಿ ಪಾಸ್‌ವರ್ಡ್ ಇರುವುದಿಲ್ಲ, ಅದರ ಹ್ಯಾಶ್ ಮಾತ್ರ ಇರುತ್ತದೆ. ಆದರೆ ಬೇಸ್‌ಲೈನ್‌ಗೆ ಸೇರಿತೆಂದ ಮಾತ್ರಕ್ಕೆ ವಿಷಯ ಮುಗಿಯಲಿಲ್ಲ. ‘ಆಡಿಟ್’ ಆಜ್ಞೆಯಿಂದ ಒಂದೊಂದನ್ನೂ ತೆರೆದು, ನಿಜವೋ ಸುಳ್ಳೋ ಎಂದು ಗುರುತಿಸಬೇಕು. ಈ ಹೆಜ್ಜೆಯನ್ನು ಬಿಟ್ಟರೆ ಬೇಸ್‌ಲೈನ್ ಎಂಬುದು ನಿಜವಾದ ಕೀಗಳನ್ನು ಅಧಿಕೃತವಾಗಿ ಮರೆಯುವ ದಾರಿಯಾಗುತ್ತದೆ.

ಗಿಟ್‌ಲೀಕ್ಸ್‌ನಲ್ಲಿ ಒಂದು ಸಾಲಿಗೆ ಮಾತ್ರ ವಿನಾಯಿತಿ ಕೊಡುವ ಕಾಮೆಂಟ್ ಬರೆಯಬಹುದು. ವಿನಾಯಿತಿ ಕೊಟ್ಟವರು ಅದರ ಪಕ್ಕದಲ್ಲೇ ಕಾರಣವನ್ನೂ ಬರೆಯಬೇಕೆಂಬ ನಿಯಮ ಮಾಡಿಕೊಳ್ಳಿ. ‘ಟೆಸ್ಟ್’ ಫೋಲ್ಡರನ್ನು ಸಾರಾಸಗಟಾಗಿ ಹೊರಗಿಡಬೇಡಿ; ಬೇಗ ಕೆಲಸವಾಗಲೆಂದು ನಿಜವಾದ ಪಾಸ್‌ವರ್ಡನ್ನು ಬರೆದುಬಿಡುವ ಜಾಗ ಹೆಚ್ಚಾಗಿ ಅದೇ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ಈ ಪರಿಶೀಲನೆ ಕಮಿಟ್‌ಗೆ ಮುಂಚೆ ನಡೆಯಬೇಕೇ, ಸಿಐ ಪೈಪ್‌ಲೈನ್‌ನಲ್ಲಿ (ಕೋಡ್ ಸರ್ವರ್ ಸೇರಿದ ಮೇಲೆ ತಾನಾಗಿ ನಡೆಯುವ ಪರೀಕ್ಷೆಗಳ ಸರಣಿಯಲ್ಲಿ) ನಡೆಯಬೇಕೇ? ಹಾಗೆಯೇ, ಕೀ ಸಿಕ್ಕಾಗ ಆ ಸಾಲನ್ನು ಅಳಿಸಿ ಹೊಸ ಕಮಿಟ್ ಮಾಡಿದರೆ ಸಾಲದೇ?

ಉತ್ತರ: ಎರಡೂ ಕಡೆ ನಡೆಯಬೇಕು. ಕಮಿಟ್‌ಗೆ ಮುಂಚೆ ತಾನಾಗಿ ಓಡುವ ಪ್ರಿ-ಕಮಿಟ್ ಹುಕ್‌ನಲ್ಲಿ ಸಿಕ್ಕಿಬಿದ್ದ ಕೀ ಬರೆದವರ ಯಂತ್ರವನ್ನು ದಾಟಿರುವುದಿಲ್ಲ, ಆದ್ದರಿಂದ ಅದೇ ಅತ್ಯಂತ ಬೆಲೆಯುಳ್ಳ ಪರಿಶೀಲನೆ. ಆದರೆ ‘ನೋ-ವೆರಿಫೈ’ ಆಯ್ಕೆ ಸೇರಿಸಿದರೆ ಗಿಟ್ ಆ ಹುಕ್ಕನ್ನು ಬಿಟ್ಟು ಮುಂದೆ ಹೋಗುತ್ತದೆ, ಹುಕ್ಕನ್ನು ಇನ್‌ಸ್ಟಾಲ್ ಮಾಡಿಕೊಳ್ಳದವರ ಯಂತ್ರದಲ್ಲಂತೂ ಅದು ಇರುವುದೇ ಇಲ್ಲ. ಸಿಐ ಪರಿಶೀಲನೆಯನ್ನು ಹಾಗೆ ಸುಲಭವಾಗಿ ತಪ್ಪಿಸಲಾಗದು, ಆದರೆ ಅದು ನಡೆಯುವ ಹೊತ್ತಿಗೆ ಕೀ ಸರ್ವರನ್ನು ತಲುಪಿಯಾಗಿರುತ್ತದೆ. ಸಿಐನಲ್ಲಿ ಗಿಟ್‌ಲೀಕ್ಸ್ ಓಡಿಸುವಾಗ ‘ರಿಡ್ಯಾಕ್ಟ್’ ಆಯ್ಕೆಯನ್ನು ಮರೆಯದೆ ಕೊಡಿ. ಇಲ್ಲವಾದರೆ ಹುಡುಕಿದ ಕೀಯನ್ನು ಟೂಲೇ ಬಿಲ್ಡ್ ಲಾಗ್‌ನಲ್ಲಿ ಮುದ್ರಿಸಿಬಿಡಬಹುದು.

ಅಳಿಸಿದರೆ ಸಾಲದು. ಹಳೆಯ ಕಮಿಟ್‌ನಲ್ಲಿ, ಇತರರು ಮಾಡಿಕೊಂಡ ಪ್ರತಿಗಳಾದ ಕ್ಲೋನ್‌ಗಳಲ್ಲಿ, ಫೋರ್ಕ್‌ಗಳಲ್ಲಿ ಅದು ಹಾಗೆಯೇ ಇರುತ್ತದೆ. ಮೊದಲು ಆ ಕೀಯನ್ನು ರದ್ದುಪಡಿಸಿ ಹೊಸದನ್ನು ಪಡೆಯಿರಿ. ಅನಂತರ ಹಳೆಯ ಕೀಯನ್ನು ಯಾರಾದರೂ ಬಳಸಿದ್ದಾರೆಯೇ ಎಂದು ಆಕ್ಸೆಸ್ ಲಾಗ್‌ಗಳಲ್ಲಿ ನೋಡಿ. ‘ಗಿಟ್ ಫಿಲ್ಟರ್-ರೆಪೊ’ದಿಂದ ಇತಿಹಾಸವನ್ನು ಶುಚಿಗೊಳಿಸುವುದು ಕೊನೆಯ ಕೆಲಸ. ಈ ಕ್ರಮವನ್ನು ತಲೆಕೆಳಗು ಮಾಡಿ, ಕೀ ಇನ್ನೂ ಜೀವಂತವಾಗಿರುವಾಗ ಇತಿಹಾಸ ತಿದ್ದುವುದರಲ್ಲಿ ಹೊತ್ತು ಕಳೆಯುವುದು ತೀರಾ ಅಪಾಯಕಾರಿ.

ಕಾರುಗಳನ್ನು ಅಂತರ್ಜಾಲಕ್ಕೆ ಜೋಡಿಸುವ ಟೊಯೋಟಾದ ಟಿ-ಕನೆಕ್ಟ್ ಸೇವೆಯ ಸೋರ್ಸ್ ಕೋಡ್‌ನ ಒಂದು ಭಾಗ, ಡೇಟಾ ಸರ್ವರ್‌ನ ಆಕ್ಸೆಸ್ ಕೀ ಸಮೇತ, 2017ರ ಡಿಸೆಂಬರ್‌ನಿಂದ 2022ರ ಸೆಪ್ಟೆಂಬರ್‌ವರೆಗೆ ಗಿಟ್‌ಹಬ್‌ನಲ್ಲಿ ಸಾರ್ವಜನಿಕವಾಗಿತ್ತು. 2,96,019 ಗ್ರಾಹಕರ ಇಮೇಲ್ ವಿಳಾಸಗಳು ಸೋರಿರುವ ಸಾಧ್ಯತೆಯಿದೆಯೆಂದು ಕಂಪನಿ ಪ್ರಕಟಿಸಬೇಕಾಯಿತು. ಪ್ರೈವೇಟ್ ರೆಪಾಸಿಟರಿಯಾದ್ದರಿಂದ ಭಯವಿಲ್ಲ ಎನ್ನುವವರು 2016ರ ಊಬರ್ ಪ್ರಕರಣವನ್ನು ನೋಡಬೇಕು: ದಾಳಿಕೋರರು ಪ್ರೈವೇಟ್ ರೆಪಾಸಿಟರಿಗೇ ನುಗ್ಗಿ, ಅಲ್ಲಿ ಸಿಕ್ಕ ಎಡಬ್ಲ್ಯುಎಸ್ ಕೀಯಿಂದ 5.7 ಕೋಟಿ ಜನರ ಮಾಹಿತಿಯನ್ನು ತಲುಪಿದರು.

ಮರುಪ್ರಶ್ನೆ: ಹಾಗಾದರೆ ಸ್ಕ್ರಿಪ್ಟ್‌ನಲ್ಲಿ ಪಾಸ್‌ವರ್ಡ್ ಬದಲು ಏನು ಬರೆಯಬೇಕು? ಬೇಸ್64ಗೆ ಬದಲಿಸಿ ಇಡಬಹುದೆಂದು ಕೆಲವರು ಹೇಳುತ್ತಾರೆ.

ಉತ್ತರ: ಬೇಸ್64 ಗೂಢಲಿಪೀಕರಣವಲ್ಲ, ಅದನ್ನು ಯಾರು ಬೇಕಾದರೂ ಒಂದೇ ಆಜ್ಞೆಯಲ್ಲಿ ಹಿಂದಕ್ಕೆ ತಿರುಗಿಸಬಹುದು. ಅದರಿಂದ ಕೆಲವು ಟೂಲ್‌ಗಳ ಕಣ್ಣು ತಪ್ಪಬಹುದಷ್ಟೇ.

ಸ್ಕ್ರಿಪ್ಟ್‌ನಲ್ಲಿ ಇರಬೇಕಾದದ್ದು ಕೀಯ ಹೆಸರು ಮಾತ್ರ; ಮೌಲ್ಯವು ಓಡುವ ಹೊತ್ತಿಗೆ ಹ್ಯಾಷಿಕಾರ್ಪ್ ವಾಲ್ಟ್, ಅಜೂರ್ ಕೀ ವಾಲ್ಟ್‌ನಂತಹ ಸುರಕ್ಷಿತ ಸಂಗ್ರಹದಿಂದ ಬರಬೇಕು. ಪವರ್‌ಶೆಲ್‌ನಲ್ಲಿ ಸೀಕ್ರೆಟ್‌ಮ್ಯಾನೇಜ್‌ಮೆಂಟ್ ಮಾಡ್ಯೂಲ್‌ನ ‘ಗೆಟ್-ಸೀಕ್ರೆಟ್’ ಇದಕ್ಕೆಂದೇ ಇದೆ. ಎನ್ವಿರಾನ್‌ಮೆಂಟ್ ವೇರಿಯಬಲ್ (ಸ್ಕ್ರಿಪ್ಟ್‌ನ ಹೊರಗಿನಿಂದ ಅದಕ್ಕೆ ಸಿಗುವ ಮೌಲ್ಯ) ಕೂಡ ಸ್ಕ್ರಿಪ್ಟ್‌ನಲ್ಲಿ ಬರೆದಿಡುವುದಕ್ಕಿಂತ ಮೇಲು, ಆದರೆ ಅಲ್ಲಿಂದ ಶುರುವಾಗುವ ಪ್ರತಿ ಚೈಲ್ಡ್ ಪ್ರೋಸೆಸ್‌ಗೂ ಅದು ತಾನಾಗಿ ಹಂಚಿಹೋಗುತ್ತದೆ. ಕಮಾಂಡ್‌ಲೈನ್ ಆರ್ಗ್ಯುಮೆಂಟ್ ಆಗಿ ಕೊಡುವುದನ್ನಂತೂ ಬಿಟ್ಟುಬಿಡಿ: ಲಿನಕ್ಸ್‌ನ ಸಾಮಾನ್ಯ ಸಂರಚನೆಯಲ್ಲಿ, ಓಡುತ್ತಿರುವ ಪ್ರೋಸೆಸ್‌ಗಳ ಪಟ್ಟಿ ತೋರಿಸುವ ‘ಪಿಎಸ್’ ಆಜ್ಞೆ ಕೊಟ್ಟ ಯಾವ ಬಳಕೆದಾರರಿಗೂ ಅದು ಕಾಣುತ್ತದೆ.

ಕೀಯನ್ನು ಸರಿಯಾಗಿ ತಂದುಕೊಂಡ ಮೇಲೂ ಅದು ಲಾಗ್‌ಗೆ ಸೋರುವುದುಂಟು. ಬ್ಯಾಷ್‌ನಲ್ಲಿ ಓಡುವ ಪ್ರತಿ ಆಜ್ಞೆಯನ್ನೂ ಮುದ್ರಿಸುವ ‘ಸೆಟ್ -ಎಕ್ಸ್’ ಚಾಲೂ ಇದ್ದರೆ ವೇರಿಯಬಲ್‌ನ ಮೌಲ್ಯವೇ ಮುದ್ರಣವಾಗುತ್ತದೆ. ಕೀ ಬಳಸುವ ಸಾಲುಗಳ ಮುಂಚೆ ಅದನ್ನು ನಿಲ್ಲಿಸಿ. ಪೈಥಾನ್‌ನಲ್ಲಿ ಒಂದು ಮೌಲ್ಯ ಎಲ್ಲಿಂದ ಹೊರಟು ಎಲ್ಲಿಗೆ ಹರಿಯುತ್ತದೆ ಎಂದು ಹಿಂಬಾಲಿಸುವ ಕೋಡ್‌ಕ್ಯೂಎಲ್, ಪಾಸ್‌ವರ್ಡ್ ಲಾಗ್ ಸೇರುವುದನ್ನು ಹಿಡಿಯಬಲ್ಲದು. ಇನ್ನು, ಪವರ್‌ಶೆಲ್‌ನ ಸೆಕ್ಯೂರ್‌ಸ್ಟ್ರಿಂಗನ್ನು ಕಡತಕ್ಕೆ ಬರೆದಿಡುವವರು ಗಮನಿಸಬೇಕಾದದ್ದು: ಬೇರೆ ಕೀ ಕೊಡದಿದ್ದಾಗ ವಿಂಡೋಸ್‌ನಲ್ಲಿ ಅದಕ್ಕೆ ವಿಂಡೋಸ್‌ನದೇ ಗೂಢಲಿಪೀಕರಣ ವ್ಯವಸ್ಥೆಯಾದ ಡಿಪಿಎಪಿಐ ರಕ್ಷಣೆ ಸಿಗುತ್ತದೆ, ಲಿನಕ್ಸ್‌ನಲ್ಲಿ ಅದು ಗೂಢಲಿಪೀಕರಣವಾಗುವುದೇ ಇಲ್ಲ. ನಿಮ್ಮ ಸ್ಕ್ರಿಪ್ಟ್‌ಗಳು ಎರಡೂ ಕಡೆ ಓಡುವುದಾದರೆ ಆ ದಾರಿಯನ್ನು ಬಿಟ್ಟು, ಎರಡೂ ಕಡೆಯಿಂದ ಒಂದೇ ವಾಲ್ಟನ್ನು ಬಳಸಿ.