ದೊಡ್ಡಪ್ಪನ ಫಾರ್ವರ್ಡ್ ಮತ್ತು ಪ್ರೀತಿಯ ಆಪರೇಷನ್

ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ನಡೆದದ್ದನ್ನು ಹಾಗೇ ಇಳಿಸಿದ್ದೇನೆ. ಗುಡ್ ಮಾರ್ನಿಂಗ್ ಹೂಗಳನ್ನು ಮಾತ್ರ ತೆಗೆದಿದ್ದೇನೆ.

ದೊಡ್ಡಪ್ಪ: ಎಚ್ಚರ!! ಅಮೆರಿಕದಲ್ಲಿ ಪ್ರೀತಿ ಈಗ ಕಾಯಿಲೆ! 18 ತುಂಬಿದವರಿಗೆಲ್ಲ ತಲೆಗೆ ಆಪರೇಷನ್ ಕಡ್ಡಾಯ. ಆಮೇಲೆ ಜೋಡಿ ಮಾಡುವುದೂ ಸರ್ಕಾರವೇ. ಮಕ್ಕಳಿರುವ ಎಲ್ಲರಿಗೂ ಕಳಿಸಿ.

ಜೊತೆಗೆ ಒಂದು ಪುಸ್ತಕದ ಹಿಂಬದಿಯ ಫೋಟೊ. ಕೆಳಗೆ ಸಣ್ಣ ಅಕ್ಷರದಲ್ಲಿ ಕಾದಂಬರಿ ಅಂತ ಇತ್ತು. ಫೋಟೊ ದೊಡ್ಡದು ಮಾಡಿ ನೋಡುವ ಪುರುಸೊತ್ತು ಯಾರಿಗಿದೆ?

ಸೋದರತ್ತೆ: ನಾನು ಹೇಳ್ತಾನೇ ಇದ್ದೆ. ಮೊಬೈಲು ಬಂದ ಮೇಲೆ ಮಕ್ಕಳು ಕೈತಪ್ಪಿ ಹೋಗಿದ್ದಾರೆ. ಪಾಪ, ಸರ್ಕಾರ ಇನ್ನೇನು ಮಾಡಬೇಕು?

ಚಿಕ್ಕಪ್ಪ: ಅಣ್ಣ, ಇದಕ್ಕೆ ಮೂಲ ಯಾವುದು? ಯಾವ ಪತ್ರಿಕೆ, ಯಾವ ತಾರೀಖು?

ದೊಡ್ಡಪ್ಪ: ಬಂದಿದ್ದನ್ನು ಕಳಿಸಿದ್ದೇನೆ. ಆಪರೇಷನ್ ನಾನು ಮಾಡಿಲ್ಲ.

ಚಿಕ್ಕಪ್ಪ: ಹೋದ ಸಲವೂ ಇದೇ ಉತ್ತರ.

ದೊಡ್ಡಪ್ಪ: ನೀನು ನನ್ನ ಮಾತು ಯಾವಾಗ ಕೇಳಿದ್ದೀಯ ಹೇಳು.

ಸೋದರತ್ತೆ: ಆ ಆಪರೇಷನ್ ಆಗಲೇ ಇದ್ದಿದ್ದರೆ ಒಬ್ಬರ ಮದುವೆಗೋಸ್ಕರ ಇಡೀ ಮನೆ ಎರಡು ಪಾಲಾಗ್ತಿರಲಿಲ್ಲ.

ಗೊತ್ತಿಲ್ಲದವರಿಗೆ: ಚಿಕ್ಕಪ್ಪನದು ಲವ್ ಮ್ಯಾರೇಜ್. ದೊಡ್ಡಪ್ಪ ಆ ಮದುವೆಗೆ ಹೋಗಿರಲಿಲ್ಲ. ಚಿಕ್ಕಮ್ಮ ಟೈಪ್ ಮಾಡುತ್ತಿದ್ದಾರೆ ಅಂತ ತುಂಬಾ ಹೊತ್ತು ತೋರಿಸಿತು. ಕೊನೆಗೆ ಬಂದದ್ದು ಒಂದು ಹೆಬ್ಬೆರಳು. ಅದು ಯಾರಿಗೆ ಎನ್ನುವುದು ಇನ್ನೂ ಇತ್ಯರ್ಥವಾಗಿಲ್ಲ.

ಅಕ್ಕನ ಮಗಳು: ದೊಡ್ಡಜ್ಜ, ಅದು ನ್ಯೂಸ್ ಅಲ್ಲ! ನಾನು ಓದ್ತಿರೋ ಕಾದಂಬರಿ. ಲಾರೆನ್ ಆಲಿವರ್ ಬರೆದ 'ಡೆಲಿರಿಯಂ', 2011ರದ್ದು. ಡಿಸ್ಟೋಪಿಯನ್ ರೊಮ್ಯಾನ್ಸ್.

ದೊಡ್ಡಪ್ಪ: ಅದು ಯಾವ ಕಾಯಿಲೆ?

ಅಕ್ಕನ ಮಗಳು: ಕಾಯಿಲೆ ಅಲ್ಲ! ಎಲ್ಲಾ ಕೆಟ್ಟುಹೋಗಿರೋ ಕಲ್ಪನೆಯ ಲೋಕದಲ್ಲಿ ನಡೆಯೋ ಪ್ರೇಮಕಥೆ.

ಇಲ್ಲಿಗೆ ಮುಗಿಯಬೇಕಿತ್ತು, ಅಲ್ವಾ? ನಮ್ಮ ಗ್ರೂಪಿನಲ್ಲಿ ಸತ್ಯ ಹೊರಬಿದ್ದ ಮೇಲೆಯೇ ಜಗಳ ಜೋರಾಗುವುದು.

ಸೋದರತ್ತೆ: ಈ ವಯಸ್ಸಿಗೆ ಪ್ರೀತಿ ಪ್ರೇಮದ ಪುಸ್ತಕ ಕೊಡಿಸಿದ್ದು ಯಾರು?

ಅಕ್ಕ: ನಾನೇ ಅತ್ತೆ. ಮಗು ಏನೂ ಓದಲ್ಲ ಅಂತ ಎಲ್ಲರೆದುರು ಹೇಳಿದ್ದು ನೀವೇ.

ಅಕ್ಕನ ಮಗಳು: ಒಂದು ಸೀನ್ ಹೇಳ್ತೀನಿ, ಕೇಳಿ. ಲೀನಾ ಅಂತ ಹುಡುಗಿ. ಆಪರೇಷನ್‌ಗೆ ಮುಂಚೆ ಸಂದರ್ಶನ ಇರುತ್ತೆ. ಅದರಲ್ಲಿ ಬಂದ ಅಂಕ ನೋಡಿ ಹುಡುಗರ ಪಟ್ಟಿ ಕೊಡ್ತಾರೆ. ಇಷ್ಟದ ಬಣ್ಣ ಕೇಳಿದ್ರೆ ನೀಲಿ ಅನ್ನಬೇಕು ಅಂತ ಬಾಯಿಪಾಠ ಮಾಡಿರ್ತಾಳೆ. ಅಲ್ಲಿ ಹೋದ್ರೆ ಬಾಯಿಗೆ ಬರೋದು ಬೂದು! ಸೂರ್ಯ ಹುಟ್ಟೋಕೆ ಮುಂಚೆ ಆಕಾಶ ಇರುತ್ತಲ್ಲ, ಆ ಬಣ್ಣ. ಅಷ್ಟರಲ್ಲಿ ಹಸುಗಳ ಹಿಂಡು ಒಳಗೆ ನುಗ್ಗುತ್ತೆ. ಸರ್ಕಾರದ ವಿರೋಧಿಗಳು ಬಿಟ್ಟಿರೋದು.

ದೊಡ್ಡಪ್ಪ: ಇಂಟರ್ವ್ಯೂನಲ್ಲಿ ತಲೆಹರಟೆ ಮಾಡಿದರೆ ಹಾಗೇ ಆಗುವುದು.

ಅಕ್ಕನ ಮಗಳು: ಅವರ ಶಾಲೆಯಲ್ಲಿ ರೋಮಿಯೋ ಜೂಲಿಯೆಟ್ ನಾಟಕ ಕಲಿಸೋದೂ ಹೆದರಿಸೋಕೆ. ಪ್ರೀತಿ ಮಾಡಿದ್ರೆ ಹೀಗಾಗುತ್ತೆ ಅಂತ.

ಸೋದರತ್ತೆ: ಸರಿಯಾಗೇ ಕಲಿಸ್ತಾರೆ.

ಅತ್ತೆಯ ಮಗ: ಆಹಾ, ಕಾದಂಬರಿ ಅಂದ್ರೆ ನಮ್ಮ ಕಾಲದ್ದು. ಗಣಿತದ ಪುಸ್ತಕದೊಳಗೆ ಪತ್ತೇದಾರಿ ಕಾದಂಬರಿ ಇಟ್ಕೊಂಡು ಓದೋದು! ಯಾವಾಗಲೂ ಕೊನೆ ಹಾಳೆ ಇರ್ತಿರಲಿಲ್ಲ. ಕೊಲೆಗಾರ ಯಾರು ಅಂತ ನಾವೇ ಊಹಿಸಬೇಕು. ಎಂಥಾ ದಿನಗಳು!

ಅಕ್ಕ: ಹಾಳೆ ಹರಿದು ಜೇಬಲ್ಲಿ ಇಟ್ಕೊಳ್ತಿದ್ದವನು ನೀನೇ ಅಲ್ವೇನೋ?

ಅತ್ತೆಯ ಮಗ: ಅದಕ್ಕೆ ಸಾಕ್ಷಿ ಇದೆಯಾ?

ಚಿಕ್ಕಪ್ಪ: ವಿಷಯಕ್ಕೆ ಬನ್ನಿ. ಈ ಐಡಿಯಾ ಹೊಸದೇನೂ ಅಲ್ಲ. ಜಾರ್ಜ್ ಆರ್ವೆಲ್ 1949ರಲ್ಲೇ '1984' ಅಂತ ಕಾದಂಬರಿ ಬರೆದಿದ್ದಾರೆ, ಅಲ್ಲೂ ಪ್ರೇಮಿಗಳು ಸರ್ಕಾರದ ಕೈಗೆ ಸಿಕ್ಕಿಬೀಳ್ತಾರೆ. ಈಗ 'ಡೆಲಿರಿಯಂ' ಹುಡುಕಿ ಓದಿದೆ. ಕೊನೆಯಲ್ಲಿ ಲೀನಾ ಊರಿನ ಗಡಿಯ ಬೇಲಿ ದಾಟುತ್ತಾಳೆ. ಅವಳ ಹುಡುಗ ಅಲೆಕ್ಸ್ ಬೇಲಿಯ ಈ ಕಡೆಯೇ ಉಳಿದುಬಿಡುತ್ತಾನೆ, ಮೈಯೆಲ್ಲಾ ರಕ್ತ. ಎರಡನೇ ಭಾಗ 2012, ಮೂರನೆಯದು 2013. ಆದ್ದರಿಂದ ಅಣ್ಣ ಕಳಿಸಿದ್ದು ಸುಳ್ಳು ಸುದ್ದಿ ಎಂದು ಸಾಬೀತಾಯಿತು.

ಅಕ್ಕನ ಮಗಳು: ಚಿಕ್ಕಜ್ಜಾ!!! ನನಗಿನ್ನೂ ಎರಡು ಅಧ್ಯಾಯ ಬಾಕಿ ಇತ್ತು!!!

ಅಕ್ಕನ ಮಗಳು ಗ್ರೂಪ್ ತೊರೆದಿದ್ದಾಳೆ.

ಸೋದರತ್ತೆ: ಓಡಿಸಿದಿರಲ್ಲ ಮಗುವನ್ನ.

ದೊಡ್ಡಪ್ಪ: ಮೂಲ ಮೂಲ ಅಂತ ಕುಣಿದವರನ್ನು ಕೇಳು.

ಚಿಕ್ಕಪ್ಪ: ಸುಳ್ಳು ಕಳಿಸಿದವರನ್ನು ಕೇಳು.

ಅಕ್ಕ: ಯಾರಾದ್ರೂ ಅವಳನ್ನ ವಾಪಸ್ ಸೇರಿಸಿ. ಅಡ್ಮಿನ್ ಯಾರು?

ದೊಡ್ಡಪ್ಪ: ನಾನೇ. ಸೇರಿಸುತ್ತೇನೆ. ಆದರೆ ಹಿರಿಯರಿರುವ ಜಾಗದಿಂದ ಎದ್ದು ಹೋಗುವಾಗ ಹೇಳಿ ಹೋಗಬೇಕು. ಅಷ್ಟೂ ತಿಳಿಯಬಾರದೇ?

ಚಿಕ್ಕಮ್ಮ: ನಮ್ಮ ಮದುವೆಗೆ ಬರಲ್ಲ ಅಂತ ನೀವು ಹೇಳಿದ್ರಾ ಭಾವ? ಮುಹೂರ್ತದ ತನಕ ನಿಮ್ಮ ತಮ್ಮ ಬಾಗಿಲ ಕಡೆಗೇ ನೋಡ್ತಿದ್ರು.

ಅತ್ತೆಯ ಮಗ ಪಾಪ್‌ಕಾರ್ನ್ ಚಿತ್ರ ಹಾಕಿದ. ತಕ್ಷಣ ಅಳಿಸಿದ. ಅಷ್ಟರಲ್ಲಿ ನಾವೆಲ್ಲ ನೋಡಿ ಆಗಿತ್ತು.

ದೊಡ್ಡಪ್ಪ ಗ್ರೂಪ್ ಸೆಟ್ಟಿಂಗ್ ಬದಲಾಯಿಸಿದ್ದಾರೆ. ಇನ್ನು ಅಡ್ಮಿನ್‌ಗಳು ಮಾತ್ರ ಸಂದೇಶ ಕಳಿಸಬಹುದು.